ಗುಳಿಗೆಯ ಪೊಟ್ಟಣದ ಮೇಲಿನ ಗುರುತು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಅವಧಿ ಮೀರಿದ ಔಷಧಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದರ ಅಪಾಯದ ಬಗ್ಗೆ ಬರೆಯುತ್ತ, ಪೊಟ್ಟಣದ ಮೇಲೆ ಈಗ ಮುದ್ರಿಸುತ್ತಿರುವ ಕಪ್ಪು ಚೌಕದ ಗುರುತನ್ನೂ ಒಮ್ಮೆ ಗಮನಿಸಿ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿನ ಬಗ್ಗೆ ಬಂದಷ್ಟು ಪತ್ರಗಳು ಉಳಿದ ಲೇಖನದ ಬಗ್ಗೆ ಬರಲಿಲ್ಲ. ಕುಮಟೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಔಷಧ ಅಂಗಡಿ ನಡೆಸಿದವನಾದ್ದರಿಂದ, ಈ ಗುರುತುಗಳು ಬರುವುದಕ್ಕೆ ಮೊದಲಿನ ಕಾಲವನ್ನೂ ಬಂದ ಮೇಲಿನ ಕಾಲವನ್ನೂ ಕಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಏಳನ್ನು ಆಯ್ದುಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಯವರ ಥೈರಾಯ್ಡ್ ಗುಳಿಗೆಯ ಡಬ್ಬಿಯ ಮೇಲೆ ಕ್ಯೂಆರ್ ಕೋಡ್ ಇದೆ. ಜನೌಷಧಿ ಕೇಂದ್ರದಿಂದ ತಂದ ಅವರ ಬಿಪಿ ಗುಳಿಗೆಯ ಮೇಲೆ ಅಂಥದ್ದು ಇಲ್ಲ. ಇಲ್ಲದ್ದು ನಕಲಿಯೇ? ಇರುವುದನ್ನು ಮೊಬೈಲಿನಲ್ಲಿ ನೋಡಿದರೆ ಏನು ಕಾಣಬೇಕು? (ಗೃಹಿಣಿ, ಶಿರಸಿ)

ಉತ್ತರ: ಗುರುತಿಲ್ಲ ಎಂಬ ಕಾರಣಕ್ಕೆ ಆ ಗುಳಿಗೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಈ ಗುರುತು ಎಲ್ಲ ಔಷಧಗಳಿಗೂ ಕಡ್ಡಾಯವಾಗಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯವು 2022ರ ನವೆಂಬರ್ 17ರಂದು ಔಷಧ ನಿಯಮಗಳಿಗೆ ತಿದ್ದುಪಡಿ ತಂದು, ‘ಎಚ್-2’ ಎಂಬ ಹೊಸ ಅನುಸೂಚಿಯಲ್ಲಿ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳನ್ನು ಹೆಸರಿಸಿ, 2023ರ ಆಗಸ್ಟ್ 1ರಿಂದ ತಯಾರಾಗುವ ಆ ಬ್ರಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಬೇಕೆಂದು ವಿಧಿಸಿತು. ಜ್ವರಕ್ಕೆ ಬಳಸುವ ಡೋಲೊ ಮತ್ತು ಕಾಲ್ಪಾಲ್, ಅಲರ್ಜಿಗೆ ಬಳಸುವ ಅಲೆಗ್ರಾ, ಥೈರಾಯ್ಡಿನ ಥೈರೋನಾರ್ಮ್ ಮುಂತಾದವು ಆ ಯಾದಿಯಲ್ಲಿವೆ. ಜನೌಷಧಿ ಕೇಂದ್ರದಲ್ಲಿ ಬ್ರಾಂಡಿನ ಹೆಸರಿಲ್ಲದೆ ಮೂಲ ಔಷಧದ ಹೆಸರಿನಲ್ಲೇ ಮಾರುವ ಗುಳಿಗೆಗಳು ಯಾದಿಯಿಂದ ಹೊರಗಿವೆ.

ಆ ಕೋಡಿನೊಳಗೆ ಏನಿರಬೇಕೆಂಬುದನ್ನೂ ನಿಯಮವೇ ಹೇಳಿದೆ. ಉತ್ಪನ್ನದ ಗುರುತಿನ ಸಂಖ್ಯೆ, ಔಷಧದ ಮೂಲ ಹೆಸರು, ಬ್ರಾಂಡಿನ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ನಂಬರು, ತಯಾರಿಸಿದ ದಿನಾಂಕ, ಎಕ್ಸ್‌ಪೈರಿ, ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಹೀಗೆ ಒಟ್ಟು ಎಂಟು ಸಂಗತಿಗಳು. ನೀವು ಮೊಬೈಲ್ ಹಿಡಿದಾಗ ಇವು ನೇರವಾಗಿ ಅಕ್ಷರಗಳಾಗಿ ಕಾಣಬಹುದು ಅಥವಾ ಕಂಪನಿಯ ಪುಟವೊಂದು ತೆರೆದುಕೊಂಡು ಅಲ್ಲಿ ಕಾಣಬಹುದು. ಕಂಡ ಮೇಲೆ ಸುಮ್ಮನೆ ಸಮಾಧಾನಪಡಬೇಡಿ. ಬ್ಯಾಚ್ ನಂಬರು ಮತ್ತು ಎಕ್ಸ್‌ಪೈರಿಯನ್ನು ಡಬ್ಬಿಯ ಮೇಲೆ ಮುದ್ರಿಸಿದ್ದರ ಜೊತೆಗೆ, ಆಮೇಲೆ ಒಳಗಿನ ಸ್ಟ್ರಿಪ್ ಮೇಲಿರುವುದರ ಜೊತೆಗೆ, ಒಂದೊಂದೇ ಅಕ್ಷರವಾಗಿ ಹೋಲಿಸಿ ನೋಡಿ. ಮೂರು ಕಡೆಯೂ ಒಂದೇ ಇರಬೇಕು. ಯಾವುದಾದರೂ ಪುಟ ತೆರೆದು ಹಣ ಕಟ್ಟಿರೆಂದೋ ಓಟಿಪಿ ಕೊಡಿರೆಂದೋ ಕೇಳಿದರೆ ಅಲ್ಲಿಗೇ ಮುಚ್ಚಿಬಿಡಿ. ಔಷಧದ ಗುರುತು ನೋಡಲು ಅವೆರಡೂ ಬೇಕಿಲ್ಲ.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ಎಂಟು ಸಂಗತಿಗಳಲ್ಲಿ ಪ್ರತಿ ಡಬ್ಬಿಗೂ ಬೇರೆ ಬೇರೆಯಾದ ಕ್ರಮಸಂಖ್ಯೆ ಸೇರಿಲ್ಲ. ಒಂದು ಬ್ಯಾಚಿನ ಸಾವಿರಾರು ಡಬ್ಬಿಗಳ ಮೇಲೆ ಒಂದೇ ಕೋಡ್ ಇದ್ದರೂ ನಿಯಮ ಪಾಲಿಸಿದಂತಾಗುತ್ತದೆ. ಹಾಗಿರುವಾಗ ನಕಲು ಮಾಡುವವನು ಅಸಲಿ ಡಬ್ಬಿಯ ಕೋಡನ್ನು ಹಾಗೆಯೇ ಮುದ್ರಿಸಿಕೊಂಡರೆ ನಿಮ್ಮ ಮೊಬೈಲಿಗೆ ಅದು ಗೊತ್ತಾಗುವುದಿಲ್ಲ. ಕೋಡ್ ತಪ್ಪು ತೋರಿಸಿದರೆ ಅನುಮಾನಕ್ಕೆ ಬಲವಾದ ಕಾರಣ ಸಿಕ್ಕಿತು. ಸರಿಯಾಗಿ ತೋರಿಸಿದರೆ, ಪೊಟ್ಟಣದ ಮೇಲಿನ ಬರಹಕ್ಕೂ ಕೋಡಿಗೂ ತಾಳೆಯಾಗುತ್ತದೆ ಎಂದಷ್ಟೇ ತಿಳಿಯಿತು.

ಪ್ರಶ್ನೆ: ಬಾರ್‌ಕೋಡ್ 890ರಿಂದ ಶುರುವಾದರೆ ಅದು ಭಾರತದಲ್ಲಿ ತಯಾರಾದ ಔಷಧ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಇದು ನಿಜವೇ? ಕೊನೆಯ ಅಂಕಿಯನ್ನು ಲೆಕ್ಕ ಮಾಡಿ ಅಸಲಿಯೋ ನಕಲಿಯೋ ಹೇಳಬಹುದೇ? (ವಿದ್ಯಾರ್ಥಿ, ಹೊನ್ನಾವರ)

ಉತ್ತರ: 890 ಎಂಬುದು ಆ ಸಂಖ್ಯೆಯನ್ನು ಹಂಚಿದ ಸಂಸ್ಥೆಯ ಗುರುತು. ಜಿಎಸ್-1 ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಭಾರತದ ಅಂಗವಾದ ಜಿಎಸ್-1 ಇಂಡಿಯಾದಲ್ಲಿ ನೋಂದಾಯಿಸಿಕೊಂಡ ಕಂಪನಿಗೆ 890ರಿಂದ ಆರಂಭವಾಗುವ ಸಂಖ್ಯೆ ಸಿಗುತ್ತದೆ. ಆ ಕಂಪನಿ ತನ್ನ ಸರಕನ್ನು ಬೇರೆ ದೇಶದಲ್ಲಿ ತಯಾರಿಸಿದರೂ ಸಂಖ್ಯೆ 890ರದ್ದೇ ಆಗಿರಬಹುದು. ಇಲ್ಲಿ ತಯಾರಾದ ಸರಕು ಬೇರೆ ದೇಶದ ಸಂಖ್ಯೆ ಹೊತ್ತಿರಲೂಬಹುದು. ತಯಾರಾದ ಊರು ತಿಳಿಯಬೇಕಾದರೆ ಲೇಬಲ್ ಮೇಲಿನ ತಯಾರಕರ ವಿಳಾಸವನ್ನೇ ಓದಬೇಕು.

ಕೊನೆಯ ಅಂಕಿಯ ಲೆಕ್ಕ ಮಾತ್ರ ಸ್ವಾರಸ್ಯದ್ದು, ವಿದ್ಯಾರ್ಥಿಯಾದ ನಿಮಗೆ ಮಾಡಿ ತೋರಿಸುತ್ತೇನೆ. 890123456789 ಎಂಬ ಹನ್ನೆರಡು ಅಂಕಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಡದಿಂದ ಮೊದಲನೆಯದನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು ಮತ್ತೆ 1ರಿಂದ, ಹೀಗೆ ಗುಣಿಸುತ್ತ ಹೋಗಿ ಎಲ್ಲವನ್ನೂ ಕೂಡಿಸಿ. ಮೊತ್ತ 130 ಬರುತ್ತದೆ. ಅದನ್ನು ಹತ್ತರ ಮಗ್ಗಿಗೆ ತರಲು ಇನ್ನೇನೂ ಸೇರಿಸಬೇಕಿಲ್ಲವಾದ್ದರಿಂದ ಹದಿಮೂರನೆಯ ಅಂಕಿ 0. ಈಗ ಯಾರೋ ಬೆರಳಚ್ಚು ಮಾಡುವಾಗ ನಡುವಿನ 3 ಮತ್ತು 4ನ್ನು ಅದಲುಬದಲು ಮಾಡಿದರೆನ್ನಿ. ಮೊತ್ತ 132 ಆಗಿ, ಕೊನೆಯ ಅಂಕಿ 8 ಬರಬೇಕಾಗುತ್ತದೆ. 0 ಇರುವುದನ್ನು ಕಂಡ ಯಂತ್ರ ಆ ಸಂಖ್ಯೆಯನ್ನು ಒಪ್ಪುವುದಿಲ್ಲ. ಆದರೆ ಪಕ್ಕಪಕ್ಕದ ಎರಡು ಅಂಕಿಗಳ ನಡುವಿನ ವ್ಯತ್ಯಾಸ 5 ಆಗಿದ್ದರೆ, ಉದಾಹರಣೆಗೆ 2 ಮತ್ತು 7, ಆ ಅದಲುಬದಲು ಈ ಲೆಕ್ಕದ ಕಣ್ಣಿಗೂ ಬೀಳದು. ನೀವೇ ಮಾಡಿ ನೋಡಿ. ಓದುವಾಗ, ಬರೆಯುವಾಗ ಆಗುವ ಕೈತಪ್ಪನ್ನು ಹಿಡಿಯಲು ಈ ಅಂಕಿಯನ್ನು ಇಟ್ಟಿದ್ದಾರೆ. ನಕಲು ಮಾಡುವವನು ಇಡೀ ಸಂಖ್ಯೆಯನ್ನೇ ಎತ್ತಿಕೊಳ್ಳುವುದರಿಂದ ಅವನ ಲೆಕ್ಕವೂ ಸರಿಯಾಗಿಯೇ ಬರುತ್ತದೆ.

ಪ್ರಶ್ನೆ: ನನ್ನ ಮಗ ಗೋವೆಯ ವೆರ್ಣಾದಲ್ಲಿ ಔಷಧ ಕಾರ್ಖಾನೆಯ ಪ್ಯಾಕಿಂಗ್ ಲೈನಿನಲ್ಲಿ ಕೆಲಸ ಮಾಡುತ್ತಾನೆ. ಒಂದು ಡಬ್ಬಿಯ ಕೋಡ್ ಸ್ವಲ್ಪ ಮಸುಕಾದರೂ ಲೈನ್ ನಿಲ್ಲುತ್ತದೆ, ಬೈಸಿಕೊಳ್ಳಬೇಕಾಗುತ್ತದೆ ಎನ್ನುತ್ತಾನೆ. ‘ಪೇರೆಂಟ್-ಚೈಲ್ಡ್’, ‘ಅಗ್ರಿಗೇಶನ್’ ಎಂದೆಲ್ಲ ಹೇಳುತ್ತಾನೆ. ಪರದೇಶಕ್ಕೆ ಹೋಗುವ ಡಬ್ಬಿಗೆ ಇಷ್ಟೊಂದು ಶಿಸ್ತು ಏಕೆ? (ನಿವೃತ್ತ ನೌಕರ, ಸದಾಶಿವಗಡ, ಕಾರವಾರ)

ಉತ್ತರ: ನಿಮ್ಮ ಮಗ ಮಾಡುತ್ತಿರುವ ಕೆಲಸ ನಮ್ಮಂಥ ಅಂಗಡಿಕಾರರ ಕಣ್ಣಿಗೆ ಬೀಳುವುದೇ ಇಲ್ಲ, ಆದ್ದರಿಂದ ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ರಫ್ತಾಗುವ ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದು ಡೇಟಾಮ್ಯಾಟ್ರಿಕ್ಸ್ ಎಂಬ ಗುರುತು. ಕ್ಯೂಆರ್ ಕೋಡಿನ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿರುತ್ತವೆ. ಡೇಟಾಮ್ಯಾಟ್ರಿಕ್ಸಿಗೆ ಅವಿಲ್ಲ, ಬದಲಾಗಿ ಎಡಬದಿ ಮತ್ತು ಕೆಳಬದಿಯಲ್ಲಿ ಕಡಿಯದ ಕಪ್ಪು ಗೆರೆ ಇರುತ್ತದೆ. ಬೆರಳಿನ ಉಗುರಿಗಿಂತ ಚಿಕ್ಕ ಜಾಗದಲ್ಲಿ ಬಹಳಷ್ಟು ಮಾಹಿತಿ ಹಿಡಿಯುತ್ತದೆ, ಸ್ವಲ್ಪ ಭಾಗ ಹರಿದರೂ ಉಳಿದ ಭಾಗದಿಂದ ಪೂರ್ತಿ ಮಾಹಿತಿಯನ್ನು ಮತ್ತೆ ಕಟ್ಟಿಕೊಳ್ಳುವ ವ್ಯವಸ್ಥೆ ಅದರಲ್ಲೇ ಇದೆ. ಹಾಗಿದ್ದರೂ ಮಸುಕಾದುದನ್ನು ಕಾರ್ಖಾನೆಯಲ್ಲೇ ಏಕೆ ತಿರಸ್ಕರಿಸುತ್ತಾರೆಂದರೆ, ಅಲ್ಲಿಂದ ಹೊರಟ ಡಬ್ಬಿ ಹಡಗು, ಗೋದಾಮು, ಲಾರಿಗಳಲ್ಲಿ ಉಜ್ಜಿಕೊಂಡು ತಿಂಗಳುಗಟ್ಟಲೆ ಸಾಗುತ್ತದೆ. ಹೊರಡುವಾಗಲೇ ಅರೆಬರೆಯಾಗಿದ್ದದ್ದು ಮುಟ್ಟುವಾಗ ಓದಲಾಗದೆ ಹೋದೀತು.

ಒಳಗಿನ ಬರಹ ಹೀಗಿರುತ್ತದೆ ಎಂದು ಭಾವಿಸಿ: 01 08901234567890 17 270600 10 4521. ಇಲ್ಲಿ 01 ಎಂದರೆ ಮುಂದಿನ ಹದಿನಾಲ್ಕು ಅಂಕಿಗಳು ಉತ್ಪನ್ನದ ಸಂಖ್ಯೆ, ಕಾರ್ಖಾನೆಯ ಭಾಷೆಯಲ್ಲಿ ಜಿಟಿನ್, ಎಂಬ ಸೂಚನೆ. ಅದೇ ಕಂಪನಿಯ ಅದೇ ಔಷಧವಾದರೂ 500 ಮಿಲಿಗ್ರಾಮಿನದಕ್ಕೆ ಒಂದು ಸಂಖ್ಯೆ, 650ರದ್ದಕ್ಕೆ ಇನ್ನೊಂದು. ಹತ್ತು ಗುಳಿಗೆಯ ಡಬ್ಬಿಗೆ ಒಂದು, ನೂರರದ್ದಕ್ಕೆ ಇನ್ನೊಂದು. 17 ಎಂದರೆ ಎಕ್ಸ್‌ಪೈರಿ: 2027ರ ಜೂನ್. ದಿನದ ಜಾಗದಲ್ಲಿ ಎರಡು ಸೊನ್ನೆ ಇದ್ದರೆ ಆ ತಿಂಗಳ ಕೊನೆಯ ದಿನವೆಂದು ಓದಬೇಕು. 10 ಎಂದರೆ ಬ್ಯಾಚ್ ನಂಬರು. ಅದರ ಉದ್ದ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ, ಒಂದೋ ಅದನ್ನು ಕೊನೆಯಲ್ಲಿ ಇಡುತ್ತಾರೆ, ಇಲ್ಲವೇ ಅದು ಮುಗಿದಲ್ಲಿ ಯಂತ್ರಕ್ಕೆ ತಿಳಿಯುವ ತಡೆಯೊಂದನ್ನು ಹಾಕುತ್ತಾರೆ. ಇವುಗಳ ಜೊತೆಗೆ 21 ಎಂಬ ಸೂಚನೆಯ ನಂತರ ಬರುವ ಕ್ರಮಸಂಖ್ಯೆಯೇ ಇಡೀ ವ್ಯವಸ್ಥೆಯ ಜೀವ. ಅದು ಪ್ರತಿ ಡಬ್ಬಿಗೂ ಬೇರೆ. ಒಂದು, ಎರಡು, ಮೂರು ಎಂದು ಸಾಲಾಗಿ ಕೊಟ್ಟರೆ ಮುಂದಿನದನ್ನು ಯಾರಾದರೂ ಊಹಿಸಬಹುದಾದ್ದರಿಂದ ಚದುರಿಸಿ ಕೊಡುತ್ತಾರೆ. ಊಹಿಸಿ ಸರಿಯಾದ ಸಂಖ್ಯೆ ಹೇಳುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕೆಂದು ಯುರೋಪಿನ ನಿಯಮವೇ ಹೇಳಿದೆ.

ಇನ್ನು ನಿಮ್ಮ ಮಗ ‘ಪೇರೆಂಟ್-ಚೈಲ್ಡ್’, ‘ಅಗ್ರಿಗೇಶನ್’ ಎನ್ನುವ ತಾಯಿ-ಮಗುವಿನ ಲೆಕ್ಕ. ಇಷ್ಟು ಸ್ಟ್ರಿಪ್‌ಗಳು ಒಂದು ಡಬ್ಬಿಗೆ, ಇಷ್ಟು ಡಬ್ಬಿಗಳು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ, ಇಷ್ಟು ಪೆಟ್ಟಿಗೆಗಳು ಒಂದು ಮರದ ಹಲಗೆಯ ಮೇಲೆ ಎಂದು ಪ್ಯಾಕಿಂಗ್ ನಡೆಯುತ್ತದೆ. ಪೆಟ್ಟಿಗೆ ಮುಚ್ಚುವ ಮೊದಲು ಕ್ಯಾಮರಾ ಒಳಗಿನ ಪ್ರತಿ ಡಬ್ಬಿಯ ಕ್ರಮಸಂಖ್ಯೆಯನ್ನು ಓದಿ, ಅವೆಲ್ಲ ಈ ಪೆಟ್ಟಿಗೆಯ ಮಕ್ಕಳೆಂದು ಬರೆದಿಡುತ್ತದೆ. ಪೆಟ್ಟಿಗೆಗೆ ಹದಿನೆಂಟು ಅಂಕಿಗಳ ತನ್ನದೇ ಸಂಖ್ಯೆ ದೊರೆಯುತ್ತದೆ. ಆಮೇಲೆ ಗೋದಾಮಿನಲ್ಲಿ ಪೆಟ್ಟಿಗೆ ತೆರೆಯದೆ, ಹೊರಗಿನ ಒಂದು ಸಂಖ್ಯೆ ಓದಿದರೆ ಸಾಕು, ಒಳಗಿನ ನೂರು ಡಬ್ಬಿಗಳ ವಿವರ ಸಿಗುತ್ತದೆ. ಇಷ್ಟೆಲ್ಲ ನಂಬಿಕೆ ಆ ಒಂದು ಸಂಖ್ಯೆಯ ಮೇಲೆ ನಿಂತಿರುವುದರಿಂದಲೇ, ಪರೀಕ್ಷೆಗೆಂದು ಒಂದು ಡಬ್ಬಿ ತೆಗೆದು ಲೆಕ್ಕಕ್ಕೆ ಹಾಕದೆ ಇನ್ನೊಂದನ್ನು ಇಟ್ಟರೆ ಮುಂದಿನ ಊರುಗಳಲ್ಲಿ ಎಲ್ಲವೂ ತಾರುಮಾರಾಗುತ್ತದೆ. ನಿಮ್ಮ ಮಗನಿಗೆ ಬೈಯುವವರ ಮಾತಿನ ಧಾಟಿ ಸರಿಯೆಂದು ನಾನು ಹೇಳಲಾರೆ; ಲೈನ್ ನಿಲ್ಲಿಸುವುದು ಮಾತ್ರ ಸರಿ.

ಈ ಶಿಸ್ತಿನ ಮೂಲ ಕೊಳ್ಳುವ ದೇಶಗಳ ಕಾನೂನಿನಲ್ಲಿದೆ. ತುರ್ಕಿ 2010ರಲ್ಲೇ ಪ್ರತಿ ಡಬ್ಬಿಯ ಜಾಡು ಹಿಡಿಯತೊಡಗಿತು. ಅಮೆರಿಕ 2013ರ ನವೆಂಬರಿನಲ್ಲಿ ಕಾನೂನು ಮಾಡಿ ಹಂತಹಂತವಾಗಿ ಜಾರಿಗೆ ತಂದಿತು. ಯುರೋಪಿನ ಒಕ್ಕೂಟದಲ್ಲಿ 2019ರ ಫೆಬ್ರವರಿ 9ರಿಂದ, ಔಷಧಾಲಯದವರು ರೋಗಿಯ ಕೈಗೆ ಡಬ್ಬಿ ಕೊಡುವಾಗ ಅದರ ಕ್ರಮಸಂಖ್ಯೆಯನ್ನು ಓದಿಸಿ ದಾಖಲೆಯಲ್ಲಿ ‘ಮುಗಿಯಿತು’ ಎಂದು ಗುರುತಿಸುತ್ತಾರೆ. ಅದೇ ಸಂಖ್ಯೆಯ ಇನ್ನೊಂದು ಡಬ್ಬಿ ಇನ್ನೊಂದು ಊರಿನಲ್ಲಿ ಬಂದರೆ ಎಚ್ಚರಿಕೆಯ ಸೂಚನೆ ಮೂಡುತ್ತದೆ. ನಕಲು ಮುದ್ರಿಸಿದವನು ಸಿಕ್ಕಿಬೀಳುವುದು ಇಲ್ಲಿ. ನಮ್ಮ ವಿದೇಶ ವ್ಯಾಪಾರ ನಿರ್ದೇಶನಾಲಯವೂ 2011ರಿಂದ ರಫ್ತಿನ ಔಷಧಗಳಿಗೆ ಬಾರ್‌ಕೋಡ್ ವಿಧಿಸುತ್ತ ಬಂದಿತು. ಪರದೇಶದ ರೋಗಿಗೆ ಸಿಗುವ ಈ ಕ್ರಮಸಂಖ್ಯೆ ಕಾರವಾರದ ರೋಗಿಗೆ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಮನಸ್ಸಿಗೆ ನೋವಿನ ಸಂಗತಿ.

ಪ್ರಶ್ನೆ: ವೈದ್ಯರು ಆರು ಗುಳಿಗೆ ಬರೆದರೆ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಆರೇ ಕೊಡುತ್ತಾರೆ. ಆಗ ಕೋಡ್, ಬ್ಯಾಚ್ ನಂಬರು ಎಲ್ಲ ಅಂಗಡಿಯಲ್ಲೇ ಉಳಿಯುತ್ತದಲ್ಲ? ನಾವೇನು ಮಾಡಬೇಕು? (ಶಾಲಾ ಶಿಕ್ಷಕಿ, ಅಂಕೋಲಾ)

ಉತ್ತರ: ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಯುರೋಪಿನಲ್ಲಿ ಸಾಮಾನ್ಯವಾಗಿ ಇಡೀ ಡಬ್ಬಿಯೇ ರೋಗಿಯ ಮನೆಗೆ ಹೋಗುವುದರಿಂದ ಡಬ್ಬಿಯ ಮೇಲಿನ ಗುರುತೂ ಅವನ ಜೊತೆಗೇ ಹೋಗುತ್ತದೆ. ನಮ್ಮಲ್ಲಿ ಡಬ್ಬಿ ಅಂಗಡಿಯ ಕಪಾಟಿನಲ್ಲಿ ಉಳಿದು, ಸ್ಟ್ರಿಪ್ ಮಾತ್ರ ಹೊರಗೆ ಬರುತ್ತದೆ. ಅದೂ ಅನೇಕ ಸಲ ಅರ್ಧ. ಎಚ್-2 ನಿಯಮವು ಒಳಪೊಟ್ಟಣದಲ್ಲಿ ಜಾಗ ಸಾಲದಿದ್ದರೆ ಹೊರಡಬ್ಬಿಯ ಮೇಲೆ ಕೋಡ್ ಹಾಕಲು ಒಪ್ಪಿಗೆ ಕೊಟ್ಟಿದೆ. ಹಾಗಾದಾಗ ಗುರುತು ಹೊತ್ತ ಡಬ್ಬಿ ಅಂಗಡಿಯ ರದ್ದಿಗೆ ಸೇರುತ್ತದೆ, ಗುಳಿಗೆ ರೋಗಿಯ ಹೊಟ್ಟೆಗೆ ಸೇರುತ್ತದೆ.

ನಿಮ್ಮ ಮನೆಯಲ್ಲಿರುವ ಒಂದು ಸ್ಟ್ರಿಪ್ ತೆಗೆದು ನೋಡಿ. ಹಿಂಬದಿಯ ಹಾಳೆಯ ತುಂಬ ಔಷಧದ ಹೆಸರು ಓರೆಯಾಗಿ ಮತ್ತೆ ಮತ್ತೆ ಅಚ್ಚಾಗಿರುತ್ತದೆ, ಆದರೆ ಬ್ಯಾಚ್ ನಂಬರು ಮತ್ತು ಎಕ್ಸ್‌ಪೈರಿ ಬಹುತೇಕ ಒಂದೇ ತುದಿಯಲ್ಲಿ, ಕೆಲವೊಮ್ಮೆ ಬಣ್ಣವಿಲ್ಲದೆ ಬರಿಯ ಒತ್ತಿದ ಗುರುತಾಗಿ ಇರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತವೆ. ನಿಯತ್ತಿನ ಅಂಗಡಿಕಾರ ಇನ್ನೊಂದು ತುದಿಯಿಂದ ಕತ್ತರಿಸಿ ಕೊಟ್ಟು, ಬ್ಯಾಚ್ ಇರುವ ತುದಿಯನ್ನು ತನ್ನಲ್ಲಿ ಕೊನೆಯವರೆಗೂ ಉಳಿಸಿಕೊಳ್ಳುತ್ತಾನೆ, ಏಕೆಂದರೆ ಉಳಿದ ಗುಳಿಗೆಗಳ ಅವಧಿ ಅವನಿಗೂ ತಿಳಿಯಬೇಕು. ಅವನ ಕ್ರಮ ಸರಿಯಾಗಿಯೇ ಇದೆ. ಆದರೆ ನಿಮ್ಮ ಕೈಗೆ ಬಂದದ್ದು ಹೆಸರಷ್ಟೇ ಇರುವ ತುಂಡು.

ಇದರ ಪರಿಣಾಮವನ್ನು ನಾನು ಅನುಭವಿಸಿದ್ದೇನೆ. ಅಂಗಡಿ ಹಾಕಿದ ಆರಂಭದ ವರ್ಷಗಳಲ್ಲಿ, ಒಂದು ಆಷಾಢದಲ್ಲಿ, ಮಕ್ಕಳ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚನ್ನು ಹಿಂದಕ್ಕೆ ಕಳುಹಿಸಬೇಕೆಂದು ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರರಿಂದ ಪತ್ರ ಬಂತು. ಆ ಬ್ಯಾಚಿನ ಮೂರು ಡಜನ್ ಸೀಸೆಗಳು ನನ್ನಲ್ಲಿಗೆ ಬಂದದ್ದು ಖರೀದಿಯ ಬಿಲ್ಲಿನಿಂದ ತಿಳಿಯಿತು. ಕಪಾಟಿನಲ್ಲಿ ಉಳಿದದ್ದು ಹದಿನೇಳು. ಉಳಿದ ಹತ್ತೊಂಬತ್ತು ಯಾರ ಮನೆಯಲ್ಲಿವೆ? ನಾನು ಕೈಯಿಂದ ಬರೆದುಕೊಟ್ಟ ಬಿಲ್ಲುಗಳ ಪ್ರತಿಯಲ್ಲಿ ಸಿರಪ್ಪಿನ ಹೆಸರಿತ್ತು, ಬ್ಯಾಚ್ ಇರಲಿಲ್ಲ. ಅದೇ ಹೆಸರಿನ ಬೇರೆ ಬ್ಯಾಚೂ ಆ ದಿನಗಳಲ್ಲಿ ಮಾರಾಟವಾಗಿತ್ತು. ಮಳೆಯಲ್ಲಿ ಹುಡುಗನೊಬ್ಬನನ್ನು ಸೈಕಲ್ ಮೇಲೆ ಹೆಗಡೆಗೂ ಬಾಡಕ್ಕೂ ಕಳುಹಿಸಿ, ನಾನು ಮಿರ್ಜಾನದ ಕಡೆ ಹೋಗಿ, ಯಾರ ಮನೆಯ ಮಗುವಿಗೆ ಆ ವಾರ ಕೆಮ್ಮಿತ್ತೆಂದು ಕೇಳುತ್ತ ತಿರುಗಿದೆವು. ಹದಿನಾರು ಸಿಕ್ಕವು. ಮೂರು ಸಿಗಲಿಲ್ಲ. ಯಾವ ಮಗುವಿಗೂ ತೊಂದರೆಯಾದ ಸುದ್ದಿ ಬರಲಿಲ್ಲವೆಂಬುದು ದೇವರ ದಯೆ. ಬ್ಯಾಚ್ ಬರೆಯದೆ ಹೋದದ್ದು ನನ್ನ ತಪ್ಪು. ಮಾರನೆಯ ದಿನದಿಂದ ಪ್ರತಿ ಬಿಲ್ಲಿನ ಮೇಲೂ ಬ್ಯಾಚ್ ನಂಬರು ಬರೆಯತೊಡಗಿದೆ.

ಆದ್ದರಿಂದ ಅಂಗಡಿಯವರಲ್ಲಿ ನಯವಾಗಿ ಕೇಳಿ, ಬಿಲ್ಲಿನಲ್ಲಿ ಬ್ಯಾಚ್ ನಂಬರು ಮತ್ತು ಎಕ್ಸ್‌ಪೈರಿ ಬರುವಂತೆ ನೋಡಿಕೊಳ್ಳಿ. ಗಣಕಯಂತ್ರದ ಬಿಲ್ಲಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಶಾಖದಿಂದ ಅಚ್ಚಾಗುವ ನುಣುಪು ಕಾಗದದ ಬಿಲ್ಲಾಗಿದ್ದರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ, ಆದ್ದರಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕತ್ತರಿಸುವ ಮೊದಲು ಸ್ಟ್ರಿಪ್ಪಿನ ಆ ತುದಿಯ ಚಿತ್ರ ತೆಗೆಯಲು ಯಾವ ಅಂಗಡಿಯವರೂ ಬೇಡವೆನ್ನಲಾರರು. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಗುಣಮಟ್ಟದಲ್ಲಿ ಸೋತ ಔಷಧಗಳ ಯಾದಿಯನ್ನು ಪ್ರತಿ ತಿಂಗಳೂ ಬ್ಯಾಚ್ ನಂಬರಿನ ಸಮೇತ ಪ್ರಕಟಿಸುತ್ತದೆ. ನಿಮ್ಮಲ್ಲಿ ಬ್ಯಾಚ್ ನಂಬರು ಇಲ್ಲದಿದ್ದರೆ ಆ ಯಾದಿ ನಿಮಗೆ ಪ್ರಯೋಜನಕ್ಕೆ ಬಾರದು.

ಇಲ್ಲಿ ಇನ್ನೊಂದು ಭೇದವನ್ನು ತಿಳಿದುಕೊಳ್ಳಬೇಕು. 2022ರ ಅಕ್ಟೋಬರಿನಲ್ಲಿ ಗ್ಯಾಂಬಿಯಾ ದೇಶದಲ್ಲಿ ಪತ್ತೆಯಾದ ನಾಲ್ಕು ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ವಿಷವಸ್ತುಗಳಿದ್ದವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತ್ತು. ಅಂಥ ಸೀಸೆಯ ಮೇಲೆ ಎಂಥ ಕೋಡ್ ಇದ್ದರೂ ಅದು ಸರಿಯಾಗಿಯೇ ಓದಿಸಿಕೊಳ್ಳುತ್ತಿತ್ತು. ಸೀಸೆಯೊಳಗಿನ ದ್ರವವನ್ನು ಪ್ರಯೋಗಾಲಯವೇ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಕೆಟ್ಟದ್ದೆಂದು ತಿಳಿದ ಮೇಲೆ, ಆ ಸೀಸೆಗಳು ಯಾವ ಯಾವ ಊರಿನ ಯಾವ ಅಂಗಡಿಗೆ ಹೋಗಿವೆಯೆಂದು ಗಂಟೆಗಳಲ್ಲಿ ಹುಡುಕಿ ತೆಗೆಯುವುದು ಮಾತ್ರ ಈ ಗುರುತಿನ ಕೆಲಸ. ನಾನು ಸೈಕಲ್ ಕಳುಹಿಸಿ ಎರಡು ದಿನ ಹುಡುಕಿದ್ದನ್ನು ನೆನೆದರೆ, ಆ ಗಂಟೆಗಳ ಬೆಲೆ ಎಷ್ಟೆಂದು ನನಗೆ ತಿಳಿಯುತ್ತದೆ.

ಪ್ರಶ್ನೆ: ನಾನು ಶುಶ್ರೂಷಕಿ. ಎರಡು ಬೇರೆ ಔಷಧಗಳ ಗಾಜಿನ ಆಂಪೂಲ್‌ಗಳು ಬಣ್ಣ, ಗಾತ್ರ ಎಲ್ಲದರಲ್ಲೂ ಒಂದೇ ತೆರನಾಗಿರುತ್ತವೆ. ಬಾರ್‌ಕೋಡ್ ಇದ್ದರೆ ತಪ್ಪು ಇಂಜೆಕ್ಷನ್ ತಡೆಯಬಹುದಲ್ಲವೇ? (ಕಾರವಾರ)

ಉತ್ತರ: ತಡೆಯಬಹುದು, ಆದರೆ ಆಂಪೂಲಿನ ಮೇಲೆ ಕೋಡ್ ಇದ್ದ ಮಾತ್ರಕ್ಕೆ ಆಗದು. ರೋಗಿಯ ಮಣಿಕಟ್ಟಿನ ಪಟ್ಟಿಯ ಮೇಲೆ ಒಂದು ಕೋಡ್, ಔಷಧದ ಮೇಲೆ ಒಂದು ಕೋಡ್, ವೈದ್ಯರ ಆದೇಶ ಗಣಕಯಂತ್ರದಲ್ಲಿ, ಈ ಮೂರೂ ಹಾಸಿಗೆಯ ಪಕ್ಕದಲ್ಲೇ ತಾಳೆಯಾಗಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇದೇ ಉದ್ದೇಶದಿಂದ 2004ರಲ್ಲೇ ಆಸ್ಪತ್ರೆಗಳಲ್ಲಿ ಬಳಸುವ ಔಷಧಗಳಿಗೆ ಬಾರ್‌ಕೋಡ್ ಕಡ್ಡಾಯ ಮಾಡಿತು. ಆ ವ್ಯವಸ್ಥೆ ಇಲ್ಲದ ಕಡೆ ನಿಮಗೆ ಕಲಿಸಿದ ಹಳೆಯ ಕ್ರಮವೇ ಆಸರೆ: ಕಪಾಟಿನಿಂದ ತೆಗೆಯುವಾಗ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ, ಆಂಪೂಲ್ ಎಸೆಯುವ ಮೊದಲು ಒಮ್ಮೆ ಲೇಬಲ್ ಓದುವುದು. ಒಂದೇ ತೆರನಾಗಿ ಕಾಣುವ ಎರಡನ್ನು ಒಂದೇ ಟ್ರೇಯಲ್ಲಿ ಇಡದಿರುವಂತೆ ನಿಮ್ಮ ವಾರ್ಡಿನಲ್ಲಿ ಒತ್ತಾಯಿಸಿ.

ಲಸಿಕೆಯ ಸೀಸೆಯ ಮೇಲೆ ನೀವು ದಿನವೂ ನೋಡುವ, ವೃತ್ತದೊಳಗೆ ಚೌಕವಿರುವ ಗುರುತು ಬೇರೆಯದು. ಅದು ಲಸಿಕೆ ಎಷ್ಟು ಬಿಸಿ ತಿಂದಿದೆಯೆಂದು ತೋರಿಸುತ್ತದೆ. ಒಳಗಿನ ಚೌಕ ಹೊರಗಿನ ವೃತ್ತದಷ್ಟೇ ಕಪ್ಪಾದರೆ ಲಸಿಕೆ ಹಾಕಬಾರದು. ಆ ಸಂಗತಿಯನ್ನು ಯಾವ ಬಾರ್‌ಕೋಡೂ ಹೇಳಲಾರದು.

ಪ್ರಶ್ನೆ: ನಾವು ಲೈಸೆನ್ಸ್ ಪಡೆದು ಚಿಕ್ಕ ಪ್ರಮಾಣದಲ್ಲಿ ಆಯುರ್ವೇದದ ತೈಲ ತಯಾರಿಸುತ್ತೇವೆ. ಬೆಂಗಳೂರಿನ ಅಂಗಡಿಗಳು ಬಾರ್‌ಕೋಡ್ ಕೇಳುತ್ತಿವೆ. ಒಬ್ಬರು ಕಡಿಮೆ ಹಣಕ್ಕೆ ಸಂಖ್ಯೆ ಮಾರುತ್ತೇವೆ ಎನ್ನುತ್ತಾರೆ. ಕೊಳ್ಳಬಹುದೇ? (ಸಿದ್ದಾಪುರ)

ಉತ್ತರ: ಬೇಡ. ಇನ್ನೊಬ್ಬರ ಹೆಸರಿನಲ್ಲಿ ನೋಂದಣಿಯಾದ ಸಂಖ್ಯೆಯನ್ನು ನಿಮ್ಮ ಸೀಸೆಗೆ ಅಂಟಿಸಿದರೆ, ದಾಖಲೆಯಲ್ಲಿ ಅದು ಅವರ ಸರಕೆಂದೇ ಕಾಣುತ್ತದೆ. ಜಿಎಸ್-1 ಇಂಡಿಯಾದಲ್ಲಿ ನಿಮ್ಮ ಹೆಸರಿನಲ್ಲೇ ನೋಂದಾಯಿಸಿ. 50 ಮಿಲಿಲೀಟರಿನ ಸೀಸೆಗೆ ಒಂದು, 100ರದ್ದಕ್ಕೆ ಇನ್ನೊಂದು ಸಂಖ್ಯೆ ಬೇಕಾಗುತ್ತದೆ. ಬ್ಯಾಚ್ ಬದಲಾದಾಗ ಬದಲಿಸಬೇಕಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಅಷ್ಟು ಸಾಕು. ಆದರೆ ಬ್ಯಾಚ್ ನಂಬರನ್ನು ಸೀಸೆಯ ಮೇಲೆ ಎಣ್ಣೆ ತಾಗಿದರೂ ಅಳಿಸದ ಶಾಯಿಯಲ್ಲಿ ಮುದ್ರಿಸಿ, ಯಾವ ಬ್ಯಾಚ್ ಯಾವ ಅಂಗಡಿಗೆ ಹೋಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿ.

ಪ್ರಶ್ನೆ: ಕೋಡಿನಲ್ಲಿ ಕಂಡ ಬ್ಯಾಚಿಗೂ ಸ್ಟ್ರಿಪ್ ಮೇಲಿನದಕ್ಕೂ ಹೊಂದಿಕೆಯಾಗದಿದ್ದರೆ ಯಾರಿಗೆ ಹೇಳಬೇಕು? ಖಾಲಿ ಡಬ್ಬಿಗಳನ್ನು ಏನು ಮಾಡಬೇಕು? (ನಿವೃತ್ತ ಅಂಚೆ ನೌಕರ, ಭಟ್ಕಳ)

ಉತ್ತರ: ಮೊದಲು ಅದನ್ನು ಸೇವಿಸುವುದನ್ನು ನಿಲ್ಲಿಸಿ, ದಿನವೂ ಬೇಕಾದ ಔಷಧವಾಗಿದ್ದರೆ ವೈದ್ಯರನ್ನು ಕೇಳಿ ಅದೇ ದಿನ ಬೇರೆ ತಂದುಕೊಳ್ಳಿ. ಉಳಿದ ಗುಳಿಗೆ, ಡಬ್ಬಿ, ಬಿಲ್ಲು ಮೂರನ್ನೂ ಒಂದೇ ಚೀಲದಲ್ಲಿ ಹಾಕಿಡಿ. ಅಂಗಡಿಯವರಿಗೆ ತೋರಿಸಿ, ಆದರೆ ಎಲ್ಲವನ್ನೂ ಅವರ ಕೈಗೆ ಒಪ್ಪಿಸಿ ಬರಬೇಡಿ, ಏಕೆಂದರೆ ಸಾಕ್ಷಿ ಅದೊಂದೇ. ಅನೇಕ ಸಲ ಬೇರೆ ಡಬ್ಬಿಯ ಸ್ಟ್ರಿಪ್ಪನ್ನು ಈ ಡಬ್ಬಿಗೆ ತುರುಕಿದ್ದೇ ಕಾರಣವಾಗಿರುತ್ತದೆ ಎಂಬುದನ್ನೂ ಹೇಳಬೇಕು. ಅನುಮಾನ ಉಳಿದರೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಡಿ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ 26ನೆಯ ಕಲಮಿನ ಪ್ರಕಾರ, ತಾನು ಕೊಂಡ ಔಷಧವನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷಿಸಿಕೊಂಡು ವರದಿ ಪಡೆಯುವ ಹಕ್ಕು ಸಾಮಾನ್ಯ ಗ್ರಾಹಕನಿಗೂ ಇದೆ. ಈ ಹಕ್ಕನ್ನು ಬಳಸಿದವರನ್ನು ನಾನು ಕಂಡದ್ದು ತೀರ ಕಡಿಮೆ.

ಖಾಲಿ ಡಬ್ಬಿ, ಸೀಸೆಗಳನ್ನು ಹಾಗೆಯೇ ರದ್ದಿಯವರಿಗೆ ಕೊಡಬೇಡಿ. ಬೆಲೆಬಾಳುವ ಇಂಜೆಕ್ಷನ್ನಿನ ಅಸಲಿ ಸೀಸೆ, ಅಸಲಿ ಡಬ್ಬಿ, ಅಸಲಿ ಕೋಡ್ ಇವು ಕೈಗೆ ಸಿಕ್ಕರೆ ನಕಲು ತುಂಬಿಸುವವನ ಅರ್ಧ ಕೆಲಸ ಮುಗಿದಂತೆ. ಡಬ್ಬಿಯನ್ನು ಕೋಡಿನ ಮೇಲೆಯೇ ಹರಿದು, ಸೀಸೆಯ ಲೇಬಲ್ಲನ್ನು ಚಾಕುವಿನಿಂದ ಎರಡು ಬಾರಿ ಗೀರಿ ಆಮೇಲೆ ಕೊಡಿ. ಅಂಗಡಿ ಮುಚ್ಚಿ ವರ್ಷಗಳಾದರೂ ನಮ್ಮ ಮನೆಯಲ್ಲಿ ಇಂದಿಗೂ ಇನ್ಸುಲಿನ್ ಸೀಸೆ ಖಾಲಿಯಾದ ದಿನ ಆ ಕೆಲಸ ಮಾಡಿಯೇ ಹೊರಗೆ ಹಾಕುತ್ತೇವೆ.